ವಿಚ್ಛೇದಿತ ಕುಟುಂಬದ ಹರೆಯದ ಮಕ್ಕಳೂ ಸಮೂಹ ಚಿಕಿತ್ಸೆಯೂ

ತಂದೆಯನ್ನೋ ತಾಯಿಯನ್ನೋ ಮರಣದಿಂದ ಕಳೆದುಕೊಂಡ ಮಗುವಿನ ಮನೆಗೆ ನೆರೆಹೊರೆಯವರು ಬರುತ್ತಾರೆ, ಬಂಧುಗಳು ಸೇರುತ್ತಾರೆ, ಶಾಲೆಯಲ್ಲಿ ಉಪಾಧ್ಯಾಯಿನಿಯರು ತಲೆ ನೇವರಿಸಿ ಎರಡು ಮಾತಾಡುತ್ತಾರೆ. ಆ ದುಃಖಕ್ಕೆ ಒಂದು ಹೆಸರುಂಟು, ಅದನ್ನು ತೋರಿಸಿಕೊಳ್ಳಲು ಒಂದು ಕ್ರಮವುಂಟು. ತಂದೆತಾಯಿಗಳಿಬ್ಬರೂ ಬದುಕಿರುವಾಗಲೇ ನ್ಯಾಯಸ್ಥಾನದ ತೀರ್ಪಿನಿಂದ ಬೇರೆಯಾದರೆ, ಆ ಮನೆಯ ಮಗುವನ್ನು ಸಂತೈಸುವುದಕ್ಕೆ ಹೀಗೆ ಯಾರೂ ಬರುವುದಿಲ್ಲ. ಹಿರಿಯರು ದನಿ ತಗ್ಗಿಸಿ ಮಾತಾಡುತ್ತಾರೆ. ಅದನ್ನು ನೋಡಿ ಮಗುವೂ ಬಾಯಿ ಮುಚ್ಚಿಕೊಂಡಿರುವುದನ್ನು ಕಲಿಯುತ್ತದೆ. ಈ ಮೌನವನ್ನು ಮುರಿಯುವುದಕ್ಕಾಗಿ ಪಾಶ್ಚಾತ್ಯ ದೇಶದ ಶಾಲೆಗಳಲ್ಲಿ ನಾಲ್ವತ್ತು ವರ್ಷಗಳಿಗೂ ಮೇಲ್ಪಟ್ಟು ನಡೆದುಬಂದಿರುವ ಒಂದು ಉಪಾಯಕ್ಕೆ ಸಮೂಹ ಚಿಕಿತ್ಸೆಯೆಂದು ಹೆಸರು. ಅದು ಎಂಥದು, ಹೇಗೆ ನಡೆಯುತ್ತದೆ, ಅದರಿಂದ ಆಗತಕ್ಕ ಪ್ರಯೋಜನವೆಷ್ಟು, ಆಗದಿರುವುದೆಷ್ಟು ಎಂಬುದನ್ನು ಹಳೆಯ ವಿದ್ಯಾರ್ಥಿನಿಯರ ಮತ್ತು ಪೋಷಕರ ಮುಂದೆ ಇಡುವುದೇ ಈ ಲೇಖನದ ಉದ್ದೇಶ.

ಚಿಕಿತ್ಸೆಯೆಂಬ ಶಬ್ದವನ್ನು ಕೇಳಿದೊಡನೆ ಕೆಲವರಿಗೆ ಅಂಜಿಕೆಯಾಗಬಹುದು. ಮಗುವಿಗೆ ಬುದ್ಧಿಭ್ರಮಣೆಯೇನಾದರೂ ಉಂಟೋ ಎಂದು ಸಂಶಯ ಹುಟ್ಟಬಹುದು. ಇದರಲ್ಲಿ ಔಷಧವೂ ಇಲ್ಲ, ಆಸ್ಪತ್ರೆಯ ಹಾಸಿಗೆಯೂ ಇಲ್ಲ. ಒಂದೇ ಬಗೆಯ ಕಷ್ಟಕ್ಕೆ ಸಿಕ್ಕಿದ ಕೆಲವರು, ಆ ಕೆಲಸದಲ್ಲಿ ಶಿಕ್ಷಣ ಪಡೆದ ಒಬ್ಬಿಬ್ಬರು ಮಾರ್ಗದರ್ಶಕರ ಸಮ್ಮುಖದಲ್ಲಿ, ಗೊತ್ತಾದ ದಿನ ಗೊತ್ತಾದ ವೇಳೆಗೆ ಕೂಡಿ, ಒಂದು ಕ್ರಮವನ್ನು ಅನುಸರಿಸಿ ಮಾತಾಡುವುದೇ ಅದರ ಸ್ವರೂಪ. ಇದರ ಮೂಲವನ್ನು ಹುಡುಕುತ್ತ ಹೋದರೆ ನಾವು ಕ್ಷಯರೋಗಿಗಳ ಬಳಿಗೆ ಬರುತ್ತೇವೆ. ೧೯೦೫ರಲ್ಲಿ ಅಮೇರಿಕೆಯ ಬಾಸ್ಟನ್ ನಗರದ ಜೋಸೆಫ್ ಪ್ರಾಟ್ ಎಂಬ ವೈದ್ಯರು, ಆರೋಗ್ಯಧಾಮಕ್ಕೆ ಹೋಗಲು ಹಣವಿಲ್ಲದ ಬಡ ಕ್ಷಯರೋಗಿಗಳನ್ನು ವಾರಕ್ಕೊಮ್ಮೆ ಒಂದುಗೂಡಿಸಿ, ಮನೆಯಲ್ಲಿದ್ದುಕೊಂಡೇ ಗಾಳಿ, ವಿಶ್ರಾಂತಿ, ಆಹಾರಗಳ ನಿಯಮವನ್ನು ಪಾಲಿಸುವ ಬಗೆಯನ್ನು ಕಲಿಸತೊಡಗಿದರು. ಆ ಊರಿನ ಎಮ್ಯಾನುಯೆಲ್ ಚರ್ಚಿನವರು ಇದಕ್ಕೆ ಧನಸಹಾಯ ಮಾಡಿದರು. ನಿಯಮಗಳನ್ನು ಕಲಿಸುವುದಕ್ಕೆಂದು ಕೂಡಿಸಿದ ಈ ತರಗತಿಯಲ್ಲಿ ಮತ್ತೊಂದು ಸಂಗತಿ ಬೆಳಕಿಗೆ ಬಂತು. ಒಂದೇ ರೋಗದಿಂದ ನರಳುವವರು ಒಬ್ಬರನ್ನೊಬ್ಬರು ಕಂಡು ಧೈರ್ಯಗೊಳ್ಳುತ್ತಿದ್ದರು. ಗುಣವಾಗುತ್ತಿದ್ದವನನ್ನು ನೋಡಿ ಹೊಸಬನಿಗೆ ಆಸೆ ಚಿಗುರುತ್ತಿತ್ತು.

೧೯೩೪ರಲ್ಲಿ ನ್ಯೂಯಾರ್ಕಿನಲ್ಲಿ ಸ್ಯಾಮ್ಯುಯೆಲ್ ಸ್ಲಾವ್ಸನ್ ಎಂಬವರು ಮಕ್ಕಳಿಗಾಗಿ ಇಂಥ ಕೂಟಗಳನ್ನು ಆರಂಭಿಸಿದರು. ಮಕ್ಕಳು ಕುಳಿತು ಮಾತಾಡುವುದಕ್ಕಿಂತ ಏನಾದರೂ ಮಾಡುತ್ತಿರುವಾಗಲೇ ಮನಸ್ಸನ್ನು ತೋರಿಸುತ್ತಾರೆಂಬುದನ್ನು ಅರಿತು, ಅವರು ಕೈಕೆಲಸಕ್ಕೂ ಆಟಕ್ಕೂ ಹೆಚ್ಚಿನ ಸ್ಥಾನ ಕೊಟ್ಟರು. ಮುಂದೆ ೧೯೭೦ರಲ್ಲಿ ಅರ್ವಿನ್ ಯಾಲಮ್ ಎಂಬ ಮನೋವೈದ್ಯರು ತಮ್ಮ ಗ್ರಂಥದಲ್ಲಿ ಸಮೂಹ ಚಿಕಿತ್ಸೆಯು ಫಲಿಸುವ ಕಾರಣಗಳನ್ನು ವಿಂಗಡಿಸಿ ಹೇಳಿದರು. ‘ಈ ಸಂಕಟ ನನ್ನೊಬ್ಬನಿಗೇ ಬಂದುದಲ್ಲ’ ಎಂಬ ಅರಿವು ಅವುಗಳಲ್ಲೊಂದು; ಇನ್ನೊಬ್ಬರಿಗೆ ನೆರವಾದಾಗ ತನ್ನ ವಿಷಯದಲ್ಲಿ ತನಗೇ ಹುಟ್ಟುವ ಗೌರವ ಮತ್ತೊಂದು. ಹರೆಯದ ಮಕ್ಕಳಿಗೆ ಈ ಎರಡೂ ಎಷ್ಟು ಬೇಕಾದವೆಂಬುದನ್ನು ಮುಂದೆ ನೋಡುವೆವು.

ವಿಚ್ಛೇದಿತರ ಮಕ್ಕಳಿಗೆ ಈ ಉಪಾಯವನ್ನು ಅನ್ವಯಿಸಬೇಕೆಂಬ ಆಲೋಚನೆಯು ಅಮೇರಿಕೆಯಲ್ಲಿ ಬಲಗೊಂಡದ್ದು ೧೯೭೦ರ ಅನಂತರ. ಆ ವರ್ಷದ ಜನವರಿ ೧ರಿಂದ ಕ್ಯಾಲಿಫೋರ್ನಿಯಾ ಸಂಸ್ಥಾನದಲ್ಲಿ, ಪತಿಪತ್ನಿಯರಲ್ಲಿ ಯಾರ ತಪ್ಪನ್ನೂ ಸಾಬೀತುಮಾಡದೆ ವಿಚ್ಛೇದನ ಪಡೆಯುವ ಕಾನೂನು ಜಾರಿಗೆ ಬಂತು. ಇತರ ಸಂಸ್ಥಾನಗಳೂ ಒಂದೊಂದಾಗಿ ಅದೇ ದಾರಿ ಹಿಡಿದವು. ಕೆಲವೇ ವರ್ಷಗಳಲ್ಲಿ ಆ ದೇಶದಲ್ಲಿ ಪ್ರತಿವರ್ಷವೂ ಹತ್ತು ಲಕ್ಷಕ್ಕಿಂತ ಹೆಚ್ಚು ಮಕ್ಕಳು ತಂದೆತಾಯಿಗಳ ವಿಚ್ಛೇದನವನ್ನು ಕಾಣುವಂತಾಯಿತು. ೧೯೭೧ರಲ್ಲಿ ಜೂಡಿತ್ ವಾಲರ್‌ಸ್ಟೈನ್ ಎಂಬ ವಿದುಷಿಯು ಕ್ಯಾಲಿಫೋರ್ನಿಯಾದ ೬೦ ಕುಟುಂಬಗಳ ೧೩೧ ಮಕ್ಕಳನ್ನು ಭೇಟಿಮಾಡಿ, ಇಪ್ಪತ್ತೈದು ವರ್ಷಗಳ ವರೆಗೆ ಅವರ ಬಾಳನ್ನು ಹಿಂಬಾಲಿಸಿ ನೋಡಿದರು. ಆ ಮಕ್ಕಳಲ್ಲಿ ಅನೇಕರು ದೊಡ್ಡವರಾಗಿ ತಾವೇ ಮದುವೆಯಾಗಬೇಕಾದ ಕಾಲಕ್ಕೆ ಹಳೆಯ ಭಯವನ್ನು ಮತ್ತೆ ಎದುರಿಸಿದರೆಂದು ಅವರು ಬರೆದರು. ಅವರು ಆರಿಸಿದ ಕುಟುಂಬಗಳು ಅಲ್ಪಸಂಖ್ಯೆಯವು, ಹೋಲಿಸಿ ನೋಡಲು ಮೊದಲಿನಿಂದ ಬೇರೆ ಕುಟುಂಬಗಳನ್ನು ಇಟ್ಟುಕೊಂಡಿರಲಿಲ್ಲ ಎಂಬ ಆಕ್ಷೇಪವೂ ಬಂತು. ಮೇವಿಸ್ ಹೆದರಿಂಗ್‌ಟನ್ ಎಂಬ ಇನ್ನೊಬ್ಬ ವಿದುಷಿಯು ಹೆಚ್ಚು ಕುಟುಂಬಗಳನ್ನು ನೋಡಿ ೨೦೦೨ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ವಿಚ್ಛೇದಿತ ಕುಟುಂಬಗಳ ಮಕ್ಕಳಲ್ಲಿ ನೂರಕ್ಕೆ ೨೦ರಿಂದ ೨೫ ಮಂದಿಗೆ ಗಂಭೀರವಾದ ತೊಂದರೆಗಳಿದ್ದವೆಂದೂ, ಇತರ ಕುಟುಂಬಗಳಲ್ಲಿ ಆ ಸಂಖ್ಯೆ ನೂರಕ್ಕೆ ೧೦ ಎಂದೂ ಹೇಳಿದರು. ಈ ಲೆಕ್ಕವನ್ನು ಎರಡು ಕಡೆಯಿಂದಲೂ ಓದತಕ್ಕದ್ದು. ಅಪಾಯವು ಇಮ್ಮಡಿಯಾಗುತ್ತದೆಂಬುದು ನಿಜ. ಮುಕ್ಕಾಲುಪಾಲಿಗೆ ಕಡಮೆಯಿಲ್ಲದ ಮಕ್ಕಳು ಕಾಲಕ್ರಮದಲ್ಲಿ ಚೇತರಿಸಿಕೊಳ್ಳುತ್ತಾರೆಂಬುದೂ ಅಷ್ಟೇ ನಿಜ.

ಇದೆಲ್ಲ ಹೊರದೇಶದ ಮಾತು, ನಮಗೇಕೆ ಎಂದು ಯಾರಾದರೂ ಕೇಳಬಹುದು. ನಮ್ಮ ದೇಶದಲ್ಲಿಯೂ ವಿಚ್ಛೇದನದ ಕಾನೂನು ಹೊಸದಲ್ಲ. ಕ್ರೈಸ್ತರಿಗೆ ೧೮೬೯ರಲ್ಲಿಯೇ ಕಾಯಿದೆಯಾಗಿತ್ತು; ೨೦೦೧ರ ತಿದ್ದುಪಡಿಯು ಪತಿಗಿದ್ದ ಕಾರಣಗಳನ್ನೇ ಪತ್ನಿಗೂ ಒದಗಿಸಿ, ಪರಸ್ಪರ ಸಮ್ಮತಿಯಿಂದ ಬೇರೆಯಾಗುವುದಕ್ಕೂ ಅವಕಾಶ ಕೊಟ್ಟಿತು. ಧಾರವಾಡ, ಬೆಳಗಾವಿ, ಬಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು ಸೇರಿದ್ದ ಅಂದಿನ ಮುಂಬಯಿ ಪ್ರಾಂತದಲ್ಲಿ ಹಿಂದೂಗಳಿಗೆ ೧೯೪೭ರಲ್ಲಿ ವಿಚ್ಛೇದನದ ಕಾಯಿದೆ ಬಂತು. ೧೯೫೫ರ ಹಿಂದೂ ವಿವಾಹ ಕಾಯಿದೆಯಿಂದ ಅದು ದೇಶಕ್ಕೆಲ್ಲ ವ್ಯಾಪಿಸಿತು. ಕುಟುಂಬ ನ್ಯಾಯಾಲಯಗಳ ಕಾಯಿದೆಯು ೧೯೮೪ರದು. ಮಕ್ಕಳ ಪಾಲನೆಯು ಯಾರಿಗೆ ಸೇರಬೇಕೆಂಬ ಪ್ರಶ್ನೆ ಬಂದಾಗ, ತಿಳಿದು ಹೇಳಬಲ್ಲ ವಯಸ್ಸಿನ ಮಗುವಿನ ಇಷ್ಟವನ್ನು ನ್ಯಾಯಾಧೀಶರು ಗಮನಿಸಬಹುದೆಂದು ೧೮೯೦ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯಿದೆಯಲ್ಲಿದೆ. ಈ ವಿಧಿಯು ಮಗುವಿನ ಹಿತಕ್ಕೆಂದೇ ಇರುವುದು. ಆದರೂ ಹದಿಮೂರು ಹದಿನಾಲ್ಕು ವರ್ಷದ ಹುಡುಗಿಯು ‘ನಿನಗೆ ಯಾರ ಹತ್ತಿರ ಇರಲು ಇಷ್ಟ?’ ಎಂಬ ಪ್ರಶ್ನೆಗೆ ಉತ್ತರ ಕೊಟ್ಟು ಬಂದ ರಾತ್ರಿ ಹೇಗೆ ನಿದ್ರೆಮಾಡುವಳೆಂಬುದನ್ನು ತಾಯಿತಂದೆಯರು ಆಲೋಚಿಸಬೇಕು. ಒಬ್ಬರ ಹೆಸರನ್ನು ಹೇಳಿದರೆ ಇನ್ನೊಬ್ಬರನ್ನು ನೂಕಿದಂತಾಯಿತೆಂದು ಅವಳಿಗೆ ತೋರುವುದು ಸಹಜ.

ವಯಸ್ಸಿಗೆ ತಕ್ಕಂತೆ ಈ ದುಃಖದ ರೂಪವೂ ಬೇರೆ. ಐದಾರು ವರ್ಷದ ಮಗುವು ತಾನು ಹಟಮಾಡಿದ್ದರಿಂದಲೇ ತಂದೆಯು ಹೊರಟುಹೋದನೆಂದು ನಂಬುವುದುಂಟು. ತಾನು ಒಳ್ಳೆಯವಳಾದರೆ ಹಿಂದಿರುಗುವನೆಂದು ಕಾಯುವುದೂ ಉಂಟು. ಹರೆಯದವರಿಗೆ ಕಾರಣಗಳು ಹೆಚ್ಚು ತಿಳಿಯುತ್ತವೆ. ತಿಳಿದಷ್ಟೂ ತೀರ್ಪು ಕೊಡುವ ಆತುರ ಹೆಚ್ಚುತ್ತದೆ. ಒಬ್ಬರನ್ನು ಪೂರ್ತಿ ದೋಷಿಯೆಂದೂ ಇನ್ನೊಬ್ಬರನ್ನು ಪೂರ್ತಿ ನಿರ್ದೋಷಿಯೆಂದೂ ಎಣಿಸಿ ಪಕ್ಷ ಕಟ್ಟುತ್ತಾರೆ. ಕೆಲವರು ಅಳುವ ತಾಯಿಗೆ ತಾವೇ ತಾಯಿಯಾಗಿ, ತಮ್ಮತಂಗಿಯರ ಊಟದಿಂದ ಹಿಡಿದು ಮನೆಯ ಲೆಕ್ಕದ ವರೆಗೆ ಹೊರುತ್ತಾರೆ. ‘ಫೀಸು ಕಟ್ಟುವ ದಿನ ಬಂತೆಂದು ನಿನ್ನ ಅಪ್ಪನಿಗೆ ಹೇಳು’, ‘ಆ ಮನೆಗೆ ಯಾರು ಯಾರು ಬರುತ್ತಾರೆಂದು ನೋಡಿಕೊಂಡು ಬಾ’ ಎಂಬ ಮಾತುಗಳನ್ನು ಹೊತ್ತು ಎರಡು ಮನೆಗಳ ನಡುವೆ ಓಡಾಡುತ್ತಾರೆ. ತಾಯಿಯೋ ತಂದೆಯೋ ಮರುಮದುವೆಯಾದರೆ ಹೊಸಬರನ್ನು ಏನೆಂದು ಕರೆಯಬೇಕೆಂಬುದೇ ಒಂದು ಯಾತನೆ. ಇವೆಲ್ಲಕ್ಕಿಂತ ಆಳವಾಗಿ, ‘ನನ್ನ ಸಂಸಾರವೂ ಹೀಗೆಯೇ ಆಗುವುದೇ?’ ಎಂಬ ಪ್ರಶ್ನೆಯಿರುತ್ತದೆ. ಅದನ್ನು ಅವರು ತಾಯಿಯೊಡನೆ ಆಡರು, ನೋವಾದೀತೆಂದು. ಗೆಳತಿಯೊಡನೆ ಆಡರು, ಊರಿಗೆಲ್ಲ ತಿಳಿದೀತೆಂದು.

ಇಂಥ ಮಕ್ಕಳಿಗಾಗಿ ಏರ್ಪಟ್ಟ ಕೂಟಗಳಲ್ಲಿ ಚೆನ್ನಾಗಿ ಪರೀಕ್ಷೆಗೊಳಗಾದ ಒಂದನ್ನು ನಾವು ಉದಾಹರಣೆಗೆ ಆರಿಸಿಕೊಳ್ಳುತ್ತೇವೆ. ನ್ಯೂಯಾರ್ಕ್ ಸಂಸ್ಥಾನದ ರಾಚೆಸ್ಟರ್ ನಗರದಲ್ಲಿ ಎಮೊರಿ ಕೋವೆನ್ ಎಂಬ ಮನಶ್ಶಾಸ್ತ್ರಜ್ಞರು, ಮಕ್ಕಳ ಮನಸ್ಸಿನ ತೊಡಕುಗಳು ಬಲಿಯುವ ಮುಂಚೆಯೇ ಶಾಲೆಯಲ್ಲಿ ಅವನ್ನು ಗುರುತಿಸಿ ನೆರವಾಗುವ ಕಾರ್ಯವನ್ನು ೧೯೫೭ರಿಂದ ನಡೆಸುತ್ತಿದ್ದರು. ಅವರೊಡನೆ ಜೋಆನ್ ಪೆಡ್ರೊ-ಕ್ಯಾರಲ್ ಎಂಬವರು ಸೇರಿ, ೧೯೮೦ರ ದಶಕದ ಮೊದಲ ವರ್ಷಗಳಲ್ಲಿ ವಿಚ್ಛೇದಿತರ ಮಕ್ಕಳಿಗೆಂದೇ ಶಾಲೆಯಲ್ಲಿ ನಡೆಸತಕ್ಕ ಒಂದು ಕಾರ್ಯಕ್ರಮವನ್ನು ರೂಪಿಸಿದರು. ಮೊದಲು ಅದು ನಾಲ್ಕರಿಂದ ಆರನೆಯ ತರಗತಿಯವರಿಗಾಗಿತ್ತು. ಅನಂತರ ಅವರಿಗಿಂತ ಕಿರಿಯರಿಗೂ, ಏಳು ಎಂಟನೆಯ ತರಗತಿಯಲ್ಲಿರುವ ಹರೆಯದವರಿಗೂ ತಕ್ಕಂತೆ ಬೇರೆಬೇರೆ ಪಾಠಕ್ರಮಗಳನ್ನು ಸಿದ್ಧಪಡಿಸಿದರು.

ಅದರ ಗುರಿಗಳು ಐದು. ಅಂಜದೆ ಕುಳಿತುಕೊಳ್ಳಬಹುದಾದ ಒಂದು ಬಳಗವನ್ನು ಒದಗಿಸುವುದು. ಮನಸ್ಸಿನಲ್ಲಿರುವುದನ್ನು ಗುರುತಿಸಿ ತಕ್ಕ ರೀತಿಯಲ್ಲಿ ಹೇಳಲು ಕಲಿಸುವುದು. ವಿಚ್ಛೇದನದ ವಿಷಯವಾದ ತಪ್ಪು ತಿಳಿವಳಿಕೆಗಳನ್ನು ತಿದ್ದುವುದು. ಕಷ್ಟಗಳನ್ನು ಎದುರಿಸುವ ಉಪಾಯಗಳನ್ನು ಅಭ್ಯಾಸಮಾಡಿಸುವುದು. ಕೊನೆಗೆ, ತನ್ನ ವಿಷಯದಲ್ಲಿಯೂ ತನ್ನ ಕುಟುಂಬದ ವಿಷಯದಲ್ಲಿಯೂ ಗೌರವಭಾವವನ್ನು ಬೆಳಸುವುದು. ತಾಯಿಯದೋ ತಂದೆಯದೋ ಲಿಖಿತ ಸಮ್ಮತಿಯಿಲ್ಲದೆ ಯಾವ ಮಗುವನ್ನೂ ಸೇರಿಸಿಕೊಳ್ಳುವುದಿಲ್ಲ. ಹೆಚ್ಚುಕಡಮೆ ಒಂದೇ ವಯಸ್ಸಿನ ಐದಾರು ಏಳು ಮಕ್ಕಳು ವಾರಕ್ಕೊಮ್ಮೆ ಸೇರುತ್ತಾರೆ. ಸಾಧ್ಯವಾದಲ್ಲಿ ಒಬ್ಬ ಸ್ತ್ರೀಯೂ ಒಬ್ಬ ಪುರುಷರೂ ಜೊತೆಯಾಗಿ ಕೂಟವನ್ನು ನಡೆಸುತ್ತಾರೆ; ಗಂಡಸರೂ ಹೆಂಗಸರೂ ಜಗಳವಿಲ್ಲದೆ ಒಂದು ಕೆಲಸವನ್ನು ಹಂಚಿಕೊಂಡು ಮಾಡಬಲ್ಲರೆಂಬುದನ್ನು ಮಕ್ಕಳು ವಾರವಾರವೂ ಕಣ್ಣಾರೆ ಕಾಣುವುದು ಅದರ ಒಂದು ಲಾಭ.

ಮೊದಲ ದಿನದ ಕೆಲಸ ನಿಯಮಗಳನ್ನು ಗೊತ್ತುಮಾಡುವುದು. ಇಲ್ಲಿ ಆಡಿದ ಮಾತು ಹೊರಗೆ ಹೋಗಕೂಡದು. ಮಗುವಿನ ಪ್ರಾಣಕ್ಕೋ ದೇಹಕ್ಕೋ ಅಪಾಯವುಂಟೆಂದು ತಿಳಿದಾಗ ಮಾತ್ರ ಮಾರ್ಗದರ್ಶಕರು ಅದನ್ನು ತಕ್ಕವರಿಗೆ ತಿಳಿಸುವರು. ಈ ವಿನಾಯಿತಿಯನ್ನು ಮೊದಲೇ ಹೇಳಿಬಿಡುತ್ತಾರೆ. ಮಾತಾಡಲು ಮನಸ್ಸಿಲ್ಲದವರು ಸುಮ್ಮನೆ ಕೇಳಿಕೊಂಡಿರಬಹುದು. ಹರೆಯದವರ ಕೂಟದಲ್ಲಿ ಈ ಕೊನೆಯ ನಿಯಮವೇ ಬಹು ಮುಖ್ಯ. ‘ಹೇಳು’ ಎಂದು ಒತ್ತಾಯಪಡಿಸಿದರೆ ಅವರು ಎದ್ದುಹೋಗುತ್ತಾರೆ. ಚಿಕ್ಕ ಮಕ್ಕಳಿಗೆ ಕೈಗೊಂಬೆಗಳ ಮೂಲಕ ಮಾತಾಡಿಸಬಹುದು. ಹದಿಮೂರರವರಿಗೆ ಗೊಂಬೆ ಕೊಟ್ಟರೆ ಅಪಮಾನ. ಆದುದರಿಂದ ಅವರಿಗೆ ಬೇರೆ ಬಗೆಯ ಮರೆಗಳನ್ನು ಒದಗಿಸುತ್ತಾರೆ. ಹೆಸರು ಬರೆಯದ ಚೀಟಿಯಲ್ಲಿ ಪ್ರಶ್ನೆ ಬರೆದು ಪೆಟ್ಟಿಗೆಗೆ ಹಾಕುವುದು ಒಂದು. ಅಂಚೆಗೆ ಹಾಕಲಾರದ ಕಾಗದವನ್ನು ತಂದೆಗೋ ತಾಯಿಗೋ ಬರೆಯುವುದು ಇನ್ನೊಂದು. ರಾಚೆಸ್ಟರಿನ ಕಾರ್ಯಕ್ರಮದಲ್ಲಿ ಮಕ್ಕಳೇ ‘ವಿಚ್ಛೇದನ ವಿಷಯದ ಪರಿಣತರ ಮಂಡಲಿ’ಯಾಗಿ ಕುಳಿತು, ಬಂದ ಪ್ರಶ್ನೆಗಳಿಗೆ ಉತ್ತರ ಕೊಡುವ ಅಭ್ಯಾಸವೊಂದುಂಟು. ಇಷ್ಟು ದಿನ ಕನಿಕರಕ್ಕೆ ಪಾತ್ರಳಾಗಿದ್ದ ಹುಡುಗಿಯು ಅಂದು ತಿಳಿದವಳಾಗಿ ಮಾತಾಡುತ್ತಾಳೆ. ವಿಚ್ಛೇದನವಾಗಿ ಮೂರು ವರ್ಷ ಕಳೆದವಳು ಮೂರು ತಿಂಗಳಾದವಳಿಗೆ ಹೇಳುವ ಮಾತಿಗೆ ಇರುವ ತೂಕವು, ಸ್ವಂತ ಅನುಭವವಿಲ್ಲದ ಹಿರಿಯರ ಮಾತಿಗೆ ಇರಲಾರದು. ಪ್ರಾಟರ ತರಗತಿಯಲ್ಲಿ ಹೊಸ ರೋಗಿಗೆ ಆಸೆ ಹುಟ್ಟಿಸಿದ ಶಕ್ತಿಯೇ ಇಲ್ಲಿಯೂ ಕೆಲಸಮಾಡುತ್ತದೆ.

ಈ ಕೂಟಗಳ ಹೃದಯವೆಂದು ನಮಗೆ ತೋರುವುದು ಮತ್ತೊಂದು ಪಾಠ. ಮಕ್ಕಳು ತಮ್ಮ ತೊಂದರೆಗಳನ್ನೆಲ್ಲ ಹೇಳಿ, ತಮ್ಮಿಂದ ಬಗೆಹರಿಯತಕ್ಕವು ಯಾವುವು, ತಮ್ಮಿಂದ ಬಗೆಹರಿಯದವು ಯಾವುವು ಎಂದು ಎರಡು ಪಾಲು ಮಾಡುತ್ತಾರೆ. ತಂದೆತಾಯಿಗಳು ಮತ್ತೆ ಒಂದಾಗುವಂತೆ ಮಾಡುವುದು, ತಾಯಿಯ ಕಣ್ಣೀರನ್ನು ನಿಲ್ಲಿಸುವುದು, ತಂದೆಯ ಕುಡಿತವನ್ನು ಬಿಡಿಸುವುದು, ಇವು ಎರಡನೆಯ ಪಾಲಿಗೆ ಬೀಳುತ್ತವೆ. ‘ಅಮ್ಮಾ, ಈ ಮಾತನ್ನು ನೀವೇ ಅಪ್ಪನಿಗೆ ಹೇಳಿರಿ, ನನ್ನ ಕೈಯಲ್ಲಿ ಹೇಳಿಸಬೇಡಿರಿ’ ಎಂದು ವಿನಯದಿಂದ ಹೇಳುವುದು ಮೊದಲನೆಯ ಪಾಲಿಗೆ ಸೇರುತ್ತದೆ. ಆ ಮಾತನ್ನು ಯಾವ ದನಿಯಲ್ಲಿ, ಯಾವ ಹೊತ್ತಿನಲ್ಲಿ ಹೇಳಬೇಕೆಂದು ಒಬ್ಬಳು ತಾಯಿಯಾಗಿ, ಒಬ್ಬಳು ಮಗಳಾಗಿ ಅಭಿನಯಿಸಿ ಅಭ್ಯಾಸಮಾಡುತ್ತಾರೆ. ತನ್ನದಲ್ಲದ ಹೊರೆಯನ್ನು ಇಳಿಸಿದ ಮೇಲೆ ತನ್ನ ಪಾಲಿನದನ್ನು ಹೊರುವುದಕ್ಕೆ ಮಗುವಿಗೆ ಬಲ ಉಳಿಯುತ್ತದೆ. ಕೊನೆಯ ಕೂಟವನ್ನು ಎರಡು ಮೂರು ವಾರ ಮುಂಚಿನಿಂದಲೇ ತಿಳಿಸಿ, ಒಬ್ಬರಿಗೊಬ್ಬರು ವಿದಾಯ ಹೇಳುವುದಕ್ಕೆ ಸಮಯ ಕೊಡುತ್ತಾರೆ. ಹೇಳದೆ ಕೇಳದೆ ಅಗಲಿದವರನ್ನು ಕಂಡ ಮಕ್ಕಳಿಗೆ, ಅಗಲಿಕೆಯನ್ನೂ ಸೌಜನ್ಯದಿಂದ ನಡೆಸಬಹುದೆಂಬುದು ತಿಳಿಯಬೇಕಷ್ಟೆ.

ಇದರ ಫಲವೇನು? ೧೯೮೫ರಲ್ಲಿ ಪೆಡ್ರೊ-ಕ್ಯಾರಲ್ ಮತ್ತು ಕೋವೆನ್ ಅವರು ಪ್ರಕಟಿಸಿದ ಮೊದಲ ಪರೀಕ್ಷೆಯಲ್ಲಿ, ಕೂಟಕ್ಕೆ ಸೇರಿದ ಮಕ್ಕಳನ್ನು ತಮ್ಮ ಸರದಿಗಾಗಿ ಕಾಯುತ್ತಿದ್ದ ಮಕ್ಕಳೊಡನೆ ಹೋಲಿಸಿ ನೋಡಿದರು. ಸೇರಿದವರ ನಡತೆ ತರಗತಿಯಲ್ಲಿ ಸುಧಾರಿಸಿತೆಂದು ಉಪಾಧ್ಯಾಯರೂ, ಮನೆಯಲ್ಲಿ ಹೊಂದಾಣಿಕೆ ಹೆಚ್ಚಿತೆಂದು ಪೋಷಕರೂ ವರದಿಮಾಡಿದರು. ಮಕ್ಕಳ ಸ್ವಂತ ಉತ್ತರಗಳಲ್ಲಿ ಕಳವಳ ತಗ್ಗಿದುದು ಕಂಡಿತು. ಚಿಕ್ಕ ಮಕ್ಕಳನ್ನು ಎರಡು ವರ್ಷಗಳ ಬಳಿಕ ಮತ್ತೆ ನೋಡಿದ ೧೯೯೯ರ ವರದಿಯಲ್ಲಿ, ಅವರು ಹೊಟ್ಟೆನೋವು ತಲೆನೋವೆಂದು ಶಾಲೆಯ ದಾದಿಯ ಕೋಣೆಗೆ ಹೋಗುವುದು ಕಡಮೆಯಾಗಿತ್ತೆಂದಿದೆ. ಆದರೆ ಇಂಥ ಪರೀಕ್ಷೆಗಳಲ್ಲಿ ಹೆಚ್ಚಿನವು ಹನ್ನೆರಡು ವರ್ಷದೊಳಗಿನವರ ಮೇಲೆ ನಡೆದವು. ಹರೆಯದವರ ವಿಷಯದಲ್ಲಿ ಆಧಾರವು ಇಷ್ಟು ಗಟ್ಟಿಯಾಗಿಲ್ಲ. ಸಿಕ್ಕುವ ಲಾಭವೂ ಮಿತವಾದುದೇ ಹೊರತು ಪವಾಡವಲ್ಲ.

ಪೋಷಕರು ವಿಶೇಷವಾಗಿ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕಾದ ಇನ್ನೊಂದು ಪ್ರಯೋಗ ಅಮೇರಿಕೆಯ ಅರಿಜೋನ ಸಂಸ್ಥಾನದಲ್ಲಿ ನಡೆಯಿತು. ಅಲ್ಲಿ ೯ರಿಂದ ೧೨ ವರ್ಷದ ಮಕ್ಕಳಿದ್ದ ೨೪೦ ವಿಚ್ಛೇದಿತ ಕುಟುಂಬಗಳನ್ನು ಮೂರು ಪಂಗಡ ಮಾಡಿದರು. ಒಂದರಲ್ಲಿ ತಾಯಂದಿರಿಗೆ ಮಾತ್ರ ಕೂಟ. ಇನ್ನೊಂದರಲ್ಲಿ ತಾಯಂದಿರಿಗೂ ಮಕ್ಕಳಿಗೂ ಬೇರೆಬೇರೆ ಕೂಟ. ಮೂರನೆಯದರಲ್ಲಿ ಓದಲು ಪುಸ್ತಕ ಮಾತ್ರ. ಆರು ವರ್ಷಗಳ ಮೇಲೆ, ಆ ಮಕ್ಕಳು ಹರೆಯಕ್ಕೆ ಬಂದಾಗ ನೋಡಿದ ಫಲವು ೨೦೦೨ರಲ್ಲಿ ಪ್ರಕಟವಾಯಿತು. ಪುಸ್ತಕ ಮಾತ್ರ ಪಡೆದ ಪಂಗಡದಲ್ಲಿ ನೂರಕ್ಕೆ ಸುಮಾರು ೨೩ ಮಂದಿಗೆ ಹಿಂದಿನ ವರ್ಷದಲ್ಲಿ ಮಾನಸಿಕ ವ್ಯಾಧಿಯುಂಟಾಗಿದ್ದರೆ, ತಾಯಿಮಕ್ಕಳಿಬ್ಬರಿಗೂ ಕೂಟ ದೊರೆತ ಪಂಗಡದಲ್ಲಿ ಅದು ಸುಮಾರು ೧೧ ಆಗಿತ್ತು. ತಾಯಂದಿರ ಕೂಟವೊಂದರಿಂದಲೇ ಫಲದ ಬಹುಭಾಗವು ಬರುತ್ತದೆ, ಮಕ್ಕಳ ಕೂಟವು ಅದಕ್ಕೆ ಸೇರಿಸುವುದು ಸ್ವಲ್ಪವೇ ಎಂಬುದೂ ಈ ಪ್ರಯೋಗದಿಂದ ಕಂಡುಬಂತು. ತಾಯಂದಿರಿಗೆ ಅಲ್ಲಿ ಕಲಿಸಿದ್ದೇನು? ಮಗುವಿನ ಮಾತನ್ನು ಕಿವಿಗೊಟ್ಟು ಕೇಳುವುದು, ಮನೆಯ ಶಿಸ್ತನ್ನು ಒಂದೇ ಹದದಲ್ಲಿ ಇಡುವುದು, ತಂದೆಯೊಡನೆ ನಡೆಯುವ ವ್ಯಾಜ್ಯಕ್ಕೆ ಮಗುವನ್ನು ಎಳೆಯದಿರುವುದು. ವಾರದ ಒಂದು ಗಂಟೆ ಕೂಟದಲ್ಲಿ ಇಳಿಸಿದ ಹೊರೆಯನ್ನು ಮನೆಗೆ ಬಂದೊಡನೆ ಮತ್ತೆ ತಲೆಯ ಮೇಲೆ ಹೊರಿಸಿದರೆ ಚಿಕಿತ್ಸೆಯಿಂದ ಏನಾಗಬೇಕು?

ಕೂಟವು ಎಲ್ಲ ಮಕ್ಕಳಿಗೂ ಯೋಗ್ಯವಲ್ಲವೆಂಬುದನ್ನೂ ತಿಳಿಸುವುದು ನಮ್ಮ ಕರ್ತವ್ಯ. ಸಾಯಬೇಕೆಂದು ಆಡುವವರು, ತಮ್ಮ ದೇಹಕ್ಕೆ ಗಾಯಮಾಡಿಕೊಳ್ಳುವವರು, ಊಟ ನಿದ್ರೆ ಬಿಟ್ಟು ಕುಗ್ಗಿದವರು, ಮನೆಯಲ್ಲಿ ಹೊಡೆತಕ್ಕೋ ದೌರ್ಜನ್ಯಕ್ಕೋ ಗುರಿಯಾದವರು, ಇವರಿಗೆ ಮೊದಲು ಪ್ರತ್ಯೇಕವಾಗಿ ವೈದ್ಯರ ನೆರವು ಬೇಕು. ಇನ್ನು ಕೆಲವು ಮಕ್ಕಳು ಯಾವ ಚಿಕಿತ್ಸೆಯೂ ಬೇಡದೆ ಚೆನ್ನಾಗಿಯೇ ಇರುತ್ತಾರೆ. ವಿಚ್ಛೇದಿತರ ಮಗಳೆಂಬ ಒಂದೇ ಕಾರಣಕ್ಕಾಗಿ ಅವರನ್ನು ರೋಗಿಯಂತೆ ಕಾಣುವುದು ಅನ್ಯಾಯ. ಶಿಕ್ಷಣ ಪಡೆಯದವರು ಸದುದ್ದೇಶದಿಂದಲೇ ಮಕ್ಕಳನ್ನು ಕೂಡಿಸಿ ಗಾಯಗಳನ್ನು ಬಿಚ್ಚಿಸಿ, ಮುಚ್ಚುವ ಬಗೆ ತಿಳಿಯದೆ ಕಳುಹಿಸಿಬಿಟ್ಟರೆ ಹಾನಿಯೂ ಆದೀತು.

ನಮ್ಮ ಊರುಗಳಲ್ಲಿ ಇಂಥ ಕೂಟಕ್ಕೆ ದೊಡ್ಡ ವಿಘ್ನವೆಂದರೆ ಜನರ ಮಾತು. ‘ವಿಚ್ಛೇದಿತರ ಮಕ್ಕಳ ಕೂಟ’ವೆಂದು ಬಾಗಿಲಿಗೆ ಹೆಸರು ಬರೆದರೆ ಯಾವ ಹುಡುಗಿಯೂ ಒಳಗೆ ಬರಳು. ಮನೆಯಲ್ಲಿ ಬದಲಾವಣೆಯನ್ನು ಕಂಡ ಎಲ್ಲರನ್ನೂ, ಎಂದರೆ ತಂದೆ ದೂರ ದೇಶದಲ್ಲಿರುವವಳು, ತಾಯಿ ತೀರಿಕೊಂಡವಳು, ಅಜ್ಜಿಯ ಮನೆಯಲ್ಲಿ ಬೆಳೆಯುವವಳು, ಇವರನ್ನು ಒಂದು ಹೆಸರಿನ ಕೆಳಗೆ ಸೇರಿಸಿಕೊಂಡು ಮೊದಲು ಮಾಡುವುದು ಇಲ್ಲಿ ಹೆಚ್ಚು ಸಾಧ್ಯವೆಂದು ನಮಗೆ ತೋರುತ್ತದೆ. ಮನಶ್ಶಾಸ್ತ್ರವನ್ನೋ ಸಮಾಜಕಾರ್ಯವನ್ನೋ ಅಭ್ಯಾಸಮಾಡಿದ ಹಳೆಯ ವಿದ್ಯಾರ್ಥಿನಿಯರು, ತಾವು ಓದಿದ ಶಾಲೆಗೆ ವಾರದಲ್ಲಿ ಒಂದು ಗಂಟೆಯನ್ನು ಕೊಡಬಲ್ಲರಾದರೆ ಅದಕ್ಕಿಂತ ಉತ್ತಮವಾದ ಕಾಣಿಕೆಯಿಲ್ಲ. ತುರ್ತಾಗಿ ನೆರವು ಬೇಕಾದವರಿಗೆ, ಭಾರತ ಸರ್ಕಾರವು ೨೦೨೨ನೆಯ ಅಕ್ಟೋಬರಿನಲ್ಲಿ ಆರಂಭಿಸಿದ ಟೆಲಿ-ಮಾನಸ್ ಎಂಬ ದೂರವಾಣಿ ಸೇವೆಯುಂಟು. ಬೆಂಗಳೂರಿನ ನಿಮ್ಹಾನ್ಸ್ ಅದಕ್ಕೆ ಮುಖ್ಯ ಕೇಂದ್ರ. ೧೪೪೧೬ ಎಂಬ ಸಂಖ್ಯೆಗೆ ಯಾವ ಹೊತ್ತಿನಲ್ಲಾದರೂ ಕರೆಮಾಡಿ ಕನ್ನಡದಲ್ಲಿಯೇ ಮಾತಾಡಬಹುದು. ಅಪಾಯದಲ್ಲಿರುವ ಮಕ್ಕಳಿಗೆ ೧೦೯೮ ಉಂಟು.

ಕೊನೆಯದಾಗಿ ಪೋಷಕರಲ್ಲಿ ನಮ್ಮ ಬಿನ್ನಹಗಳು ಮೂರು. ನೀವು ಬೇರೆಯಾಗಿದ್ದರೆ ಆ ಸಂಗತಿಯನ್ನು ಮಗಳ ತರಗತಿಯ ಉಪಾಧ್ಯಾಯಿನಿಗೆ ನೀವೇ ತಿಳಿಸಿರಿ. ಅವಳ ಬಾಯಿಂದ ಹೇಳಿಸಬೇಡಿರಿ. ಒಬ್ಬರಿಗೊಬ್ಬರು ಹೇಳಬೇಕಾದುದನ್ನು ಕಾಗದದಲ್ಲಿಯೋ ದೂರವಾಣಿಯಲ್ಲಿಯೋ ನೇರವಾಗಿ ಹೇಳಿಕೊಳ್ಳಿರಿ. ಮಗಳನ್ನು ದೂತಳನ್ನಾಗಿ ಮಾಡಬೇಡಿರಿ. ಇಂಥ ಕೂಟಕ್ಕೆ ಸೇರಿಸಲು ನಿಮ್ಮ ಸಮ್ಮತಿಯನ್ನು ಕೇಳಿದಾಗ, ಮನೆಯ ಗುಟ್ಟು ಬಯಲಾದೀತೆಂಬ ಅಂಜಿಕೆಯೊಂದರಿಂದಲೇ ಬೇಡವೆನ್ನಬೇಡಿರಿ. ಮಗಳು ಅಲ್ಲಿ ಆಡುವುದು ಬಹುಮಟ್ಟಿಗೆ ತನ್ನ ಮನಸ್ಸಿನ ಗುಟ್ಟನ್ನು. ಅದನ್ನು ಕೇಳುವವರಾದರೋ ಅಂಥದನ್ನೇ ಇಟ್ಟುಕೊಂಡು ಬಂದ ಅವಳ ಓರಗೆಯವರು.